ರಾಡ್ ಹಾಕಲು ಎಲ್ಲರೂ ಇದ್ದರು, ತೆಗೆಯಲು ಯಾರೂ ಇಲ್ಲ

ನನ್ನ ಬಲ ತೊಡೆಯೊಳಗೆ ಒಂದು ರಾಡ್ ಇದೆ, ಜೊತೆಗೆ ನಾಲ್ಕು ಸ್ಕ್ರೂ. ಗಿಡ್ಡವಾಗಿದ್ದ ಕಾಲನ್ನು ಉದ್ದ ಮಾಡಲು ಹಾಕಿದ್ದು. ಅವುಗಳ ಕೆಲಸ ಮುಗಿದು ಎರಡು ವರ್ಷ ಆಯಿತು. ತೆಗೆಸೋಣ ಅಂತ ಎಂಟು ತಿಂಗಳಿಂದ ಅಲೆಯುತ್ತಿದ್ದೇನೆ. ಚಪ್ಪಲಿ ಸವೆದದ್ದೊಂದೇ ಬಂತು.

ಮೊದಲೇ ಹೇಳಿಬಿಡುತ್ತೇನೆ, ಇದು ಎತ್ತರ ಆಗಲು ಮಾಡಿಸಿಕೊಂಡದ್ದಲ್ಲ. ಕಾಲು ಉದ್ದ ಮಾಡಿಸಿದ್ದು ಅಂದರೆ ಸಾಕು, ಜನ ಅಡಿಯಿಂದ ಮುಡಿವರೆಗೆ ಅಳೆಯುತ್ತಾರೆ. ಇನ್ಶೂರೆನ್ಸ್‌ನವರೂ ಹಾಗೇ. 'ಅಂದಕ್ಕೆ ಮಾಡಿಸಿದ್ದಕ್ಕೆಲ್ಲ ಬರಲ್ಲ ಸಾರ್' ಅಂದುಬಿಟ್ಟರು. ಯಾವ ಅಂದ ಸ್ವಾಮಿ? ಜೀಪ್ ಮಗುಚಿ ತೊಡೆ ಮೂಳೆ ಮುರಿದಿತ್ತು. ಅದು ಗಿಡ್ಡವಾಗಿ ಕೂಡಿಕೊಂಡು ಆ ಕಾಲು 4 ಸೆಂಟಿಮೀಟರ್ ಕಮ್ಮಿಯಾಗಿತ್ತು. ನಾನು ಕಾಫಿ ತೋಟದಲ್ಲಿ ರೈಟರ್, ಅಂದರೆ ಆಳುಗಳ ಕೆಲಸ, ಲೆಕ್ಕ ನೋಡಿಕೊಳ್ಳುವವನು. ದಿನವಿಡೀ ಇಳಿಜಾರು ಹತ್ತಿ ಇಳಿಯುವವನಿಗೆ ಒಂದು ಕಾಲು ಗಿಡ್ಡ ಅಂದರೆ ಏನು ಅಂತ ಎಸಿ ರೂಮಲ್ಲಿ ಕೂತವರಿಗೆ ಗೊತ್ತಾಗಲ್ಲ ಬಿಡಿ.

ಮೂಳೆ ಕತ್ತರಿಸಿ, ಒಳಗೆ ರಾಡ್, ಹೊರಗೆ ಫ್ರೇಮ್ ಹಾಕಿದ್ದರು. ಆ ಫ್ರೇಮಿನ ಸ್ಕ್ರೂ ದಿನಕ್ಕೆ ನಾಲ್ಕು ಸಲ ತಿರುಗಿಸಬೇಕು. ಸಲಕ್ಕೆ ಕಾಲು ಮಿಲಿಮೀಟರ್ ಮೂಳೆಯ ತುಂಡುಗಳು ದೂರ ಸರಿದು, ನಡುವೆ ಹೊಸ ಮೂಳೆ ಬೆಳೆಯುತ್ತದೆ. ಕಾಲಿಗೆ ಕಾಲು ಮಿಲಿಮೀಟರ್ ಅಂತ ಮನೆಯಲ್ಲಿ ನಗುತ್ತಿದ್ದೆವು. 40 ದಿನಕ್ಕೆ 4 ಸೆಂಟಿಮೀಟರ್ ಬಂತು. ಮತ್ತೆ ಫ್ರೇಮ್ ಬಿಚ್ಚಿ, ರಾಡಿಗೆ ಸ್ಕ್ರೂ ಬಿಗಿದರು. ಮೂಳೆ ಗಟ್ಟಿಯಾಯಿತು. ಆ ಕೆಲಸದ ಬಗ್ಗೆ ನನ್ನ ದೂರಿಲ್ಲ.

ಈಗ ರಾಡಿನ ತುದಿ ಸೊಂಟದ ಹತ್ತಿರ ಚುಚ್ಚುತ್ತದೆ. ಮಳೆಗಾಲದಲ್ಲಂತೂ ಆ ಮಗ್ಗುಲಲ್ಲಿ ಮಲಗುವ ಹಾಗೇ ಇಲ್ಲ. ಹಾಕಿದ ಡಾಕ್ಟರು ಬೇರೆ ಕಡೆ ಹೋಗಿದ್ದಾರೆ. ಅದೇ ಆಸ್ಪತ್ರೆ ಕೊಟ್ಟ ಎಸ್ಟಿಮೇಟ್ 1,40,000. ಎರಡನೇ ಕಡೆ, 'ಹಾಕಿದವರ ಹತ್ತಿರವೇ ತೆಗೆಸಿ' ಅಂದರು. ಮೂರನೇ ಕಡೆ, 'ಯಾವ ಕಂಪನಿ ರಾಡ್?' ಅಂತ ಕೇಳಿದರು.

ನನಗೇನು ಗೊತ್ತು? ನನಗೆ ಮತ್ತು ಬರಿಸಿ ಒಳಗೆ ಇಟ್ಟಿದ್ದಲ್ವಾ! ಡಿಸ್ಚಾರ್ಜ್ ಕಾಗದದಲ್ಲಿ ನೋಡಿದರೆ 'ಇಂಪ್ಲಾಂಟ್' ಅಂತ ಒಂದೇ ಪದ. ಕಂಪನಿ, ಸೈಜು ಇರುವ ಸ್ಟಿಕ್ಕರ್ ಅಂಟಿಸಬೇಕಿದ್ದ ಜಾಗ ಖಾಲಿ. ಆಮೇಲೆ ತಿಳಿಯಿತು, ಒಂದೊಂದು ಕಂಪನಿಯ ರಾಡಿನ ತುದಿಗೆ ಒಂದೊಂದು ಥರದ ಮರೆ (ಥ್ರೆಡ್) ಇರುತ್ತದಂತೆ. ಅದಕ್ಕೆ ಕೂರುವ ಬೋಲ್ಟ್ ಇದ್ದರೆ ಮಾತ್ರ ರಾಡನ್ನು ಸಲೀಸಾಗಿ ಎಳೆಯಬಹುದು. ತಡವಾದಷ್ಟೂ ತುದಿಯ ಮೇಲೆ ಮೂಳೆ ಬೆಳೆಯುತ್ತದೆ, ಆಗ ಅದನ್ನು ಕೆತ್ತಿ ತೆಗೆಯಬೇಕು. ಅಂದರೆ ಇವರು ನನ್ನನ್ನು ಅಲೆಸಿದಷ್ಟೂ ಕೆಲಸ ಕಷ್ಟವಾಗುತ್ತದೆ, ಬಿಲ್ ಏರುತ್ತದೆ. ನಮ್ಮ ಕೊಡಗಿನ ಸುಂಟಿಕೊಪ್ಪದ ಮೆಕ್ಯಾನಿಕ್ ಹತ್ತಿರ ಮೂವತ್ತು ವರ್ಷ ಹಳೆಯ ಜೀಪಿಗೂ ಸರಿಯಾದ ಸ್ಪ್ಯಾನರ್ ಸಿಗುತ್ತದೆ.

ಸೈಬೀರಿಯಾದ ಕುರ್ಗಾನ್‌ನಲ್ಲಿ ಇಲಿಜರೋವ್ ಅನ್ನುವ ಡಾಕ್ಟರು 1950ರ ದಶಕದಲ್ಲೇ ಹೀಗೆ ಮೂಳೆ ಬೆಳೆಸಿದ್ದರು. ಅಲ್ಲಿಂದ ಆ ವಿದ್ಯೆ ಇಲ್ಲಿವರೆಗೆ ಬಂತು. ಒಂದು ಬೋಲ್ಟ್ ಮಾತ್ರ ಮೈಸೂರು ದಾಟಿ ಕೊಡಗಿಗೆ ಬರಲಿಲ್ಲ!

ಸರ್ಕಾರಿ ಯೋಜನೆ ಇದೆಯಲ್ಲ ಅಂತೀರಿ. ನನ್ನದು ಎಪಿಎಲ್ ಕಾರ್ಡ್. ಚಿಕಿತ್ಸೆಗೆ ಸರ್ಕಾರ ಗೊತ್ತು ಮಾಡಿದ ಪ್ಯಾಕೇಜ್ ದರದಲ್ಲಿ ಶೇ. 30 ಮಾತ್ರ ಅವರು ಕೊಡುವುದು. ಅದಕ್ಕೂ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬೇಕು. ರೆಫರಲ್ ಕೇಳಲು ಹೋದರೆ, 'ಎಮರ್ಜೆನ್ಸಿ ಅಲ್ವಲ್ಲ, ಆಮೇಲೆ ಬನ್ನಿ.' ನಾಲ್ಕು ಸಲ ಆಮೇಲೆ ಹೋದೆ. 2019ರಲ್ಲಿ ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕು ಅಂತ ಕೊಡಗಿನವರೆಲ್ಲ ಟ್ವಿಟರ್‌ನಲ್ಲಿ ಕೂಗಿದ್ದೆವು, ನೆನಪಿದೆಯಾ? ನನಗಂತೂ ಪ್ರತಿ ಸಲ ಬಸ್ಸಿನಲ್ಲಿ ಕೂತಾಗ ನೆನಪಾಗುತ್ತದೆ. ನಮ್ಮ ಜಿಲ್ಲೆಗೆ ರೈಲೂ ಇಲ್ಲ. ನೂರು ಕಿಲೋಮೀಟರ್ ಅದೇ ಮಗ್ಗುಲ ಮೇಲೆ ಕೂತು ಹೋಗಬೇಕು. ಒಂದು ದಿನದ ಸಂಬಳವೂ ಹೋಯಿತು.

ಮೊನ್ನೆ ಕೊನೆಗೂ ಮೈಸೂರಿನಲ್ಲಿ ಒಬ್ಬರು 65,000ಕ್ಕೆ ಒಪ್ಪಿದರು. ಎಕ್ಸ್‌ರೇ ಕೊಟ್ಟೆ. 'ಇದು ಒಂದು ತಿಂಗಳು ಹಳೇದು, ಹೊಸದು ತೆಗೆಸಿಕೊಂಡು ಮಂಗಳವಾರ ಬನ್ನಿ' ಅಂದರು. ಎಕ್ಸ್‌ರೇ ರೂಮು ಅವರ ಪಕ್ಕದಲ್ಲೇ ಇತ್ತು. ಆ ದಿನ ಟೆಕ್ನಿಷಿಯನ್ ರಜೆಯಂತೆ.