ಏಜೆಂಟ್‌ಗೆ ಕಳಿಸುವ ಮುನ್ನ ಇಷ್ಟು ನೋಡಿ

ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯುವವರು ಅಮೆರಿಕ, ಬ್ರಿಟನ್ನಿನ ಏಜೆಂಟರಿಗೆ (ಲೇಖಕರು, ಚಿತ್ರಕಾರರ ಪರವಾಗಿ ಪ್ರಕಾಶಕರ ಜತೆ ವ್ಯವಹರಿಸುವವರು) ಒಳ್ಳೆಯ ಪೋರ್ಟ್‌ಫೋಲಿಯೊ, ಅಂದರೆ ಆಯ್ದ ಚಿತ್ರಗಳ ಸಂಗ್ರಹ, ಕಳಿಸಿದರೆ ಸಾಕು ಎನ್ನುವ ಮಾತಿದೆ. ಅಷ್ಟೇ ಸಾಲದು. 12–15 ಚಿತ್ರ ಇದ್ದರೆ ಆಯಿತು, ಆದರೆ ಒಂದೇ ಪಾತ್ರ ಮೂರ್ನಾಲ್ಕು ಚಿತ್ರಗಳಲ್ಲಿ ಬೇರೆ ಕೋನ, ಬೇರೆ ಭಾವದಲ್ಲಿ ಬಂದರೂ ಅದೇ ಮಗು ಅಂತ ಗುರುತು ಸಿಗಬೇಕು. ಬಹಳ ಜನ ಎಡವುವುದು ಇಲ್ಲೇ: ಬಿಡಿಬಿಡಿಯಾಗಿ ಚೆಂದ, ಕಥೆ ಮಾತ್ರ ಮುಂದೆ ಹೋಗುವುದಿಲ್ಲ.

ಕಥೆಯೂ ನಿಮ್ಮದೇ ಆದರೆ 32 ಪುಟದ ಡಮ್ಮಿ, ಅಂದರೆ ಪುಸ್ತಕದ ಕಚ್ಚಾ ಮಾದರಿ, ಮಾಡಿ. ಎಲ್ಲ ಪುಟಕ್ಕೂ ಪೆನ್ಸಿಲ್ ಸ್ಕೆಚ್ ಸಾಕು, ಎರಡು ಮೂರು ಜೋಡಿಪುಟ ಪೂರ್ತಿ ಬಣ್ಣದಲ್ಲಿರಲಿ. ಮುಖಗಳು ನಡುಮಡಿಕೆಗೆ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಿ. ಏಜೆಂಟ್ ಕೇಳದೆ ಇಮೇಲ್‌ಗೆ ಫೈಲ್ ಲಗತ್ತಿಸಬೇಡಿ, ಹಲವರು ತೆರೆಯುವುದೇ ಇಲ್ಲ, ಲಿಂಕ್ ಕೊಡಿ. ಒಂದು ಸಲಕ್ಕೆ ಆರೆಂಟು ಏಜೆಂಟರಿಗೆ ಕಳಿಸಿದರೆ ಸಾಕು. ಬಂದ ಉತ್ತರ ನೋಡಿ ಡಮ್ಮಿ ತಿದ್ದಲು ಆಗ ಅವಕಾಶ ಉಳಿಯುತ್ತದೆ.

ಸಾಹಿತ್ಯ ಏಜೆಂಟರ ಕಮಿಷನ್ ಸಾಮಾನ್ಯವಾಗಿ 15%, ಚಿತ್ರಕಾರರ ಏಜೆನ್ಸಿಗಳದ್ದು 25–30%. ನಿಮ್ಮ ಕೆಲಸ ನೋಡುವುದಕ್ಕೇ ಶುಲ್ಕ ಕೇಳಿದರೆ ದಯವಿಟ್ಟು ಕೊಡಬೇಡಿ.

ಭಾರತದಿಂದ ಕೆಲಸ ಮಾಡುವವರು ಗಮನಿಸಿ: ಡಬ್ಲ್ಯೂ-8ಬೆನ್ (W-8BEN, ನೀವು ಅಮೆರಿಕದವರಲ್ಲ ಎಂದು ತಿಳಿಸುವ ತೆರಿಗೆ ಫಾರ್ಮ್) ಕೊಡದಿದ್ದರೆ ಅಮೆರಿಕದ ರಾಯಲ್ಟಿಯಲ್ಲಿ 30% ತೆರಿಗೆ ಹಿಡಿಯುತ್ತಾರೆ. ಅದನ್ನು ಕೊಟ್ಟರೆ, ಭಾರತದೊಂದಿಗಿನ ತೆರಿಗೆ ಒಪ್ಪಂದದಡಿ 15%.