ದೊಡ್ಡಪ್ಪನ ಅಂಬ್ರೇಜು

ಅಣ್ಣನ ಮಗಳು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾಳೆ. ದಿನಕ್ಕೊಂದು ಇಂಗ್ಲಿಷ್ ಪದ ಹಿಡಿದು ಮನೆಮಂದಿಯ ಮೇಲೆಲ್ಲ ಪ್ರಯೋಗಿಸುತ್ತಾಳೆ. 'ಅಂಬ್ರೇಜ್' ಸಿಕ್ಕ ದಿನ ಪ್ರಯೋಗಕ್ಕೆ ದೊಡ್ಡಪ್ಪನೇ ಒದಗಿದರು.

ಆಷಾಢ ಹಿಡಿಯುವುದರೊಳಗೆ ಮುಗಿಸಿಬಿಡೋಣ ಎಂದು ಯಾರೋ ಶಿವಮೊಗ್ಗದಲ್ಲಿಟ್ಟ ಮದುವೆಗೆ ಹೋಗಿದ್ದರು. ಊಟ ಮುಗಿಸಿ ಬರುವಾಗ ಛತ್ರದ ಬಾಗಿಲಲ್ಲಿಟ್ಟ ಕೊಡೆ ಮಾಯ. ಮರದ ಹಿಡಿ, ಅಂಚಿಗೆ ಕೆಂಪು ದಾರದಲ್ಲಿ ಹೆಸರಿನ ಮೊದಲಕ್ಷರ ಹೊಲಿಸಿದ ಕೊಡೆ ಅದು. ಅದರ ಜಾಗದಲ್ಲಿ ಕಡ್ಡಿ ಮುರಿದ ಮಡಚುಕೊಡೆಯೊಂದು ಉಳಿದಿತ್ತಂತೆ. ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಗಾಳಿಗೆ ಉಲ್ಟಾ ಹೊಡೆದು, ತಲೆಗೆ ಬೀಳಬೇಕಾದ ನೀರನ್ನೆಲ್ಲ ಒಟ್ಟುಮಾಡಿ ಒಂದೇ ಸಲ ಸುರಿಯಿತು. ಆಟೋದವನು ಮಳೆ ನೋಡಿ ಡಬಲ್ ಕೇಳಿದ. ತೀರ್ಥಹಳ್ಳಿಗೆ ಬಂದಿಳಿದವರು ಅತ್ತಿಗೆ ಕೊಟ್ಟ ಕಷಾಯವನ್ನೂ ಮುಟ್ಟಲಿಲ್ಲ.

"ಅಜ್ಜ ಅಂಬ್ರೇಜ್ ತಗೊಂಡಿದಾರೆ" ಎಂದಳು ಹುಡುಗಿ.

"ನಾನೆಂತ ತಗೊಂಡೆ? ತಗೊಂಡು ಹೋದವ್ರು ಬೇರೆ ಮಾರಾಯ್ತಿ!"

ಅಂಬ್ರೇಜ್ ಅಂದರೆ ಅವಮಾನವಾಯಿತೆಂದು ಮುನಿಸಿಕೊಳ್ಳುವುದು. ಇಂಗ್ಲಿಷಿನವರು ಅದನ್ನು 'ಟೇಕ್' ಮಾಡುತ್ತಾರೆ, ಯಾತರ ಮೇಲೆ ಎನ್ನುವುದಕ್ಕೆ 'ಆ್ಯಟ್' ಹಚ್ಚುತ್ತಾರೆ. ಮೂಲ ಲ್ಯಾಟಿನ್ನಿನ 'ಉಂಬ್ರಾ', ಅಂದರೆ ನೆರಳು. ಮೊದಲು ಬರೀ ನೆರಳಾಗಿದ್ದ ಪದಕ್ಕೆ ಅನುಮಾನದ ಛಾಯೆ ಬಂದು, 17ನೇ ಶತಮಾನದ ಹೊತ್ತಿಗೆ ಮುನಿಸಾಯಿತು. ಅದೇ ನೆರಳಿನಿಂದಲೇ ಇಟಲಿಯ ಮೂಲಕ ಅಂಬ್ರೆಲ್ಲಾ ಬಂತು. ಕೊಡೆ, ಕೊಡೆ ಕಳಕೊಂಡವನ ಸಿಟ್ಟು, ಎರಡೂ ದಾಯಾದಿಗಳು!

ದೊಡ್ಡಪ್ಪನಿಗೆ ಹೊಸದಾಗಿ ಅಂಬ್ರೇಜ್ ಬಂತು. "ಕೊಡೆ ಇರೋದು ನೆರಳಿಗಾ? ಆಗುಂಬೆಗೆ ಬಂದು ನಿಂತ್ಕೊಳ್ಳಿ ಅನ್ನು ಅವ್ರಿಗೆ." ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಊರಿನ ಪಕ್ಕದವರ ಮಾತು, ತಳ್ಳಿಹಾಕುವಂತಿಲ್ಲ. ಫ್ರೆಂಚರು ವಾಸಿ, ಮಳೆಯ ಹೆಸರನ್ನೇ ಸೇರಿಸಿ 'ಪಾರಾಪ್ಲ್ಯೂಯಿ' ಎಂದರು.

18ನೇ ಶತಮಾನದ ಲಂಡನ್ನಿನಲ್ಲಿ ಜೋನಸ್ ಹ್ಯಾನ್‌ವೇ ಎಂಬಾತ ಕೊಡೆ ಹಿಡಿದು ತಿರುಗಿದರೆ ಗಾಡಿಯವರು ಗೇಲಿ ಮಾಡುತ್ತಿದ್ದರಂತೆ. ಮಳೆಯೇ ಅವರ ಸಂಪಾದನೆ. ಇದನ್ನು ಕೇಳಿದ್ದೇ ದೊಡ್ಡಪ್ಪನಿಗೆ ಆಟೋದವನ ನೆನಪಾಗಿ, ಗೊರಬು, ಕಂಬಳಿಕೊಪ್ಪೆಯ ಕಾಲವೇ ಚೆನ್ನಾಗಿತ್ತು, ಅವನ್ನು ಯಾರೂ ಕದಿಯುತ್ತಿರಲಿಲ್ಲ ಎಂದು ರಾತ್ರಿಯಿಡೀ ಗೊಣಗಿದರು.

ಬೆಳಿಗ್ಗೆ ಎದ್ದವರೇ ಛತ್ರಕ್ಕೆ ಫೋನ್ ಹಚ್ಚಿದರು. "ನೋಡಿ, ನಿನ್ನೆ ನಿಮ್ಮಲ್ಲಿಗೆ ಬಂದಿದ್ದೆ. ನಾನು ಅಂಬ್ರೇಜ್ ತಗೊಂಡಿದ್ದೇನೆ!"

"ಓಹೋ, ತಗೊಂಡವ್ರು ನೀವಾ? ಬೇಗ ತಂದ್ಕೊಡಿ ಸಾರ್, ಮಡಚುಕೊಡೆಯವ್ರು ಆಗಿಂದ ಹುಡುಕ್ತಾ ಇದಾರೆ."