ಮಧ್ಯಾಹ್ನದ ಬಿಸಿಲಲ್ಲಿ ಪೂಲ್‌ಗೆ ಕ್ಲೋರಿನ್ ಸುರಿಸಬೇಡಿ

ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಮೊನ್ನೆ ಮತ್ತೆ ಅದೇ ಫೋಟೋ ಬಂತು. ಪೂಲ್‌ನ ಮೆಟ್ಟಿಲ ಮೂಲೆಯಲ್ಲಿ ತೆಳ್ಳಗೆ ಹಸಿರು. ಕೆಳಗೆ ಮೆಸೇಜುಗಳ ಸಾಲು. "ಇನ್ನೊಂದು ಬಕೆಟ್ ಕ್ಲೋರಿನ್ ಹಾಕಿಸಿ." "ಆ ಹುಡುಗ ಸರಿಯಾಗಿ ಕೆಲಸ ಮಾಡ್ತಿಲ್ಲ." "ನೀರು ಖಾಲಿ ಮಾಡಿ ಹೊಸದು ತುಂಬಿಸಿ." ಓದುತ್ತಿದ್ದಂತೆ 2024ರ ಏಪ್ರಿಲ್ ಕಣ್ಣ ಮುಂದೆ ಬಂತು. ಗುಂಪಿನಲ್ಲಿ ಬರೆದರೆ ಗುಡ್ ಮಾರ್ನಿಂಗ್‌ಗಳ ನಡುವೆ ಕಳೆದುಹೋಗುತ್ತದೆ. ಅದಕ್ಕೇ ಇಲ್ಲಿ ಉದ್ದಕ್ಕೆ ಬರೆಯುತ್ತಿದ್ದೇನೆ.

ಆ ಬೇಸಿಗೆಯನ್ನು ಬೆಂಗಳೂರಿನವರು ಮರೆಯಲು ಸಾಧ್ಯವಿಲ್ಲ. ಬೋರ್‌ವೆಲ್‌ಗಳು ಬತ್ತಿದ್ದವು. ಈಜುಕೊಳಗಳಿಗೆ ಕುಡಿಯುವ ನೀರು ಬಳಸಬಾರದು, ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಮಾರ್ಚ್‌ನಲ್ಲೇ ಆದೇಶ ಹೊರಡಿಸಿತ್ತು. ಏಪ್ರಿಲ್ ಕೊನೆಗೆ ಬಿಸಿಲು 38 ಡಿಗ್ರಿ ದಾಟಿತು. ನಮ್ಮ ಪೂಲ್ ಅಂಥ ದೊಡ್ಡದೇನಲ್ಲ. 15 ಮೀಟರ್ ಉದ್ದ, 6 ಮೀಟರ್ ಅಗಲ, ಸರಾಸರಿ 1.2 ಮೀಟರ್ ಆಳ. ಆದರೂ ಲೆಕ್ಕ ಹಾಕಿ ನೋಡಿ, 1,08,000 ಲೀಟರ್ ಆಗುತ್ತದೆ. 12,000 ಲೀಟರಿನ ಟ್ಯಾಂಕರ್ ಒಂಬತ್ತು ಸಲ ಬರಬೇಕು. ಜನ ಕುಡಿಯುವ ನೀರಿಗೆ ಬಿಂದಿಗೆ ಹಿಡಿದು ನಿಂತಿರುವಾಗ ಇಷ್ಟು ನೀರನ್ನು ಚರಂಡಿಗೆ ಬಿಡುವ ಮಾತಾಡಲು ಬಾಯಿ ಹೇಗೆ ಬರುತ್ತದೆ?

ಆ ನೀರು ನಾಲ್ಕೇ ದಿನದಲ್ಲಿ ಹಸಿರಾಯಿತು. ವಿಚಿತ್ರವೆಂದರೆ ದಿನಾ ಕ್ಲೋರಿನ್ ಹಾಕುತ್ತಲೇ ಇದ್ದರು. ಒಂದು ಕೆಜಿ ಬ್ಲೀಚಿಂಗ್ ಪೌಡರ್ ಹಾಕುತ್ತಿದ್ದ ಹುಡುಗ ಎರಡು ಕೆಜಿ ಹಾಕತೊಡಗಿದ. ಹಸಿರು ಹೋಗಲಿಲ್ಲ. ಎಲ್ಲರೂ ಅವನನ್ನು ಬೈದರು. ಬೈದವರಲ್ಲಿ ನಾನೂ ಒಬ್ಬ.

ಅವನು ಯಾವಾಗ ಹಾಕುತ್ತಿದ್ದ ಅಂತ ನಾವ್ಯಾರೂ ಕೇಳಿರಲಿಲ್ಲ. ಬೆಳಿಗ್ಗೆ ಮಕ್ಕಳ ಈಜಿನ ಕ್ಲಾಸು. ಸಂಜೆ ಆಫೀಸು ಮುಗಿಸಿ ಬಂದ ದೊಡ್ಡವರು. ಪೂಲ್ ಖಾಲಿ ಇರುವುದು ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಮಾತ್ರ. ಆಗಲೇ ಹಾಕು ಎಂದು ನಾವೇ ಹೇಳಿದ್ದೆವು. ಕ್ಲೋರಿನ್‌ಗೆ ಅದಕ್ಕಿಂತ ಕೆಟ್ಟ ಹೊತ್ತು ಇನ್ನೊಂದಿಲ್ಲ. ನೆರಳಿಲ್ಲದ ಪೂಲ್‌ನಲ್ಲಿ, ನೀರಿಗೆ ಸ್ಟೆಬಿಲೈಸರ್ (ಬಿಸಿಲಿನಿಂದ ಕ್ಲೋರಿನ್ ಕಾಪಾಡುವ ರಾಸಾಯನಿಕ) ಹಾಕಿಲ್ಲದಿದ್ದರೆ, ನಡು ಮಧ್ಯಾಹ್ನದ ಬಿಸಿಲು ಕ್ಲೋರಿನ್‌ನ ಅರ್ಧವನ್ನು ಹೆಚ್ಚುಕಡಿಮೆ ಮುಕ್ಕಾಲು ಗಂಟೆಯಲ್ಲೇ ಮುಗಿಸಿಬಿಡಬಲ್ಲದು. ಮೂರು ಗಂಟೆಯ ಹೊತ್ತಿಗೆ ಲೆಕ್ಕಕ್ಕೆ ಸಿಗುವಷ್ಟೂ ಉಳಿದಿರುವುದಿಲ್ಲ. ಪಾಚಿಗೆ ರಾತ್ರಿಯಿಡೀ ಹಬ್ಬ.

ಎರಡನೆಯದು ಪಿಎಚ್, ಅಂದರೆ ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂಬುದರ ಅಳತೆ. ಕ್ಲೋರಿನ್ ನೀರಿಗೆ ಬಿದ್ದ ಮೇಲೆ ಎರಡು ರೂಪದಲ್ಲಿರುತ್ತದೆ. ಒಂದು ಪಾಚಿಯನ್ನು ಬೇಗ ಕೊಲ್ಲುತ್ತದೆ, ಇನ್ನೊಂದು ಬಹಳ ನಿಧಾನ. ಪಿಎಚ್ 7.5ರ ಹತ್ತಿರ ಎರಡೂ ಅರ್ಧರ್ಧ. 8ಕ್ಕೆ ಏರಿದರೆ ಬೇಗ ಕೊಲ್ಲುವ ರೂಪ ಕಾಲು ಭಾಗಕ್ಕೆ ಇಳಿಯುತ್ತದೆ. ನಮ್ಮದು ಗಡಸು ಬೋರ್‌ವೆಲ್ ನೀರು, ಮೇಲಿಂದ ಸುರಿದ ಬ್ಲೀಚಿಂಗ್ ಪೌಡರ್ ಪಿಎಚ್ ಅನ್ನು ಇನ್ನೂ ಏರಿಸುತ್ತಿತ್ತು. ಅಂದರೆ ಹೆಚ್ಚು ಹೆಚ್ಚು ಹಾಕಿದಷ್ಟೂ ಅದರ ಕೆಲಸ ಕಮ್ಮಿಯಾಗುತ್ತಿತ್ತು. ಕಮಿಟಿ ಬೇರೆ ಕರೆಂಟ್ ಬಿಲ್ ಉಳಿಸಲು ಫಿಲ್ಟರ್ ಪಂಪನ್ನು ದಿನಕ್ಕೆ ಮೂರೇ ಗಂಟೆ ಓಡಿಸುತ್ತಿತ್ತು. ಪಂಪ್ ರೂಮಿನಲ್ಲಿ ಟೆಸ್ಟ್ ಕಿಟ್ ಇತ್ತು. ಅದರ ದ್ರಾವಣದ ಅವಧಿ ಮುಗಿದು ಎರಡು ವರ್ಷವಾಗಿತ್ತು.

ಆಮೇಲೆ ನಡೆದದ್ದನ್ನು ಬರೆಯುವಾಗ ಈಗಲೂ ಎದೆ ಭಾರವಾಗುತ್ತದೆ. ಯಾರೋ ಫೋನಿನಲ್ಲಿ ಅವನಿಗೆ, "ಆಸಿಡ್ ಹಾಕಿ ಟೈಲ್ಸ್ ಉಜ್ಜು" ಅಂದರು. ಅವನ ಹತ್ತಿರ ಇದ್ದದ್ದು ಒಂದೇ ಬಕೆಟ್. ತಳದಲ್ಲಿ ಬ್ಲೀಚಿಂಗ್ ಪೌಡರ್‌ನ ಕೆಸರು ಉಳಿದಿತ್ತು. ಅದಕ್ಕೇ ಆಸಿಡ್ ಸುರಿದ. ಬ್ಲೀಚಿಂಗ್ ಪೌಡರ್ ಮತ್ತು ಆಸಿಡ್ ಸೇರಿದರೆ ಬರುವುದು ಕ್ಲೋರಿನ್ ಅನಿಲ, ಶ್ವಾಸಕೋಶ ಸುಡುವಂಥದ್ದು. ಕಿಟಕಿಯಿಲ್ಲದ ನೆಲಮಾಳಿಗೆಯ ಪಂಪ್ ರೂಮು. ಸೆಕ್ಯುರಿಟಿಯವರು ಕೆಮ್ಮು ಕೇಳಿ ಓಡಿಹೋಗಿ ಎಳೆದು ತಂದರು. ಕ್ಲಿನಿಕ್‌ನಲ್ಲಿ ನೆಬ್ಯುಲೈಸರ್ ಹಾಕಿದ ಮೇಲೆ ಉಸಿರು ಹದಕ್ಕೆ ಬಂತು. ಕೈಗೆ ಗ್ಲೌಸ್ ಇರಲಿಲ್ಲ, ಮುಖಕ್ಕೆ ಮಾಸ್ಕ್ ಇರಲಿಲ್ಲ. ಕೊಡಬೇಕಿದ್ದವರು ನಾವು.

ಆ ವಾರ ನಾವು ನಾಲ್ಕು ಜನ ಸೇರಿ ಕೂತು ಓದಿ, ತಿಳಿದವರನ್ನು ಕೇಳಿ ಕೆಲಸಕ್ಕಿಳಿದೆವು. ಮೊದಲು ಪೂಲ್ ಮುಚ್ಚಿದೆವು. ಕೆಲವರಿಗೆ ಸಿಟ್ಟು ಬಂತು. ಆದರೆ ತಳದ ಜಾಲರಿ ಕಾಣದಷ್ಟು ನೀರು ಮಬ್ಬಾಗಿದ್ದರೆ, ಮುಳುಗುತ್ತಿರುವ ಮಗುವೂ ಯಾರಿಗೂ ಕಾಣುವುದಿಲ್ಲ. ಇದರಲ್ಲಿ ಚರ್ಚೆಗೆ ಜಾಗವೇ ಇಲ್ಲ.

ಎಲೆ, ಗುಲ್‌ಮೊಹರ್ ಹೂವಿನ ಎಸಳು ಎಲ್ಲ ಬಲೆ ಹಾಕಿ ತೆಗೆದೆವು. ಹೊಸ ಕಿಟ್ ತಂದು ಅಳೆದರೆ ಪಿಎಚ್ 8.2. ಬೇರೆಯದೇ ಬಕೆಟ್‌ನಲ್ಲಿ ಮೊದಲು ನೀರು, ಅದಕ್ಕೆ ಆಸಿಡ್, ಹೀಗೆ ಸ್ವಲ್ಪ ಸ್ವಲ್ಪವೇ ಹಾಕಿ 7.3ಕ್ಕೆ ತಂದೆವು. ಆಮೇಲೆ ಗೋಡೆ ಉಜ್ಜಿದೆವು. ನಾನು ಮಲೆನಾಡಿನವನು. ಮಳೆಗಾಲದ ಅಂಗಳದಲ್ಲಿ ಪಾಚಿ ತೆಗೆದವರಿಗೆ ಗೊತ್ತು, ಪೌಡರ್ ಉದುರಿಸಿದರಷ್ಟೇ ಸಾಲದು, ಪೊರಕೆ ತಗೊಂಡು ಉಜ್ಜಬೇಕು. ಪಾಚಿಯ ಮೇಲಿನ ಲೋಳೆ ಒಡೆಯದೆ ಕ್ಲೋರಿನ್ ಒಳಗೆ ಇಳಿಯುವುದಿಲ್ಲ.

ಕ್ಲೋರಿನ್ ಹಾಕಿದ್ದು ಸೂರ್ಯ ಮುಳುಗಿದ ಮೇಲೆ. ಲೆಕ್ಕ ಸುಲಭ. ಒಂದು ಪಿಪಿಎಂ ಎಂದರೆ ಲೀಟರ್‌ಗೆ ಒಂದು ಮಿಲಿಗ್ರಾಂ. ನಮ್ಮ ಪೂಲ್‌ನಲ್ಲಿ ಅಷ್ಟು ಏರಿಸಲು 108 ಗ್ರಾಂ ಕ್ಲೋರಿನ್ ಬೇಕು. ಶೇ 10ರ ದ್ರವ ಕ್ಲೋರಿನ್ ಆದರೆ ಒಂದು ಲೀಟರ್‌ಗಿಂತ ಸ್ವಲ್ಪ ಜಾಸ್ತಿ. 10 ಪಿಪಿಎಂಗೆ ಸುಮಾರು 11 ಲೀಟರ್. ಹೊಸ ಕ್ಯಾನ್ ತರಿಸಿದೆವು, ಯಾಕೆಂದರೆ ಬಿಸಿಲಲ್ಲಿಟ್ಟ ಕ್ಯಾನ್ ಮೇಲೆ ಎಷ್ಟು ಬರೆದಿದ್ದರೂ ಒಳಗೆ ಅಷ್ಟು ಶಕ್ತಿ ಉಳಿದಿರುವುದಿಲ್ಲ. ಪಂಪ್ ರಾತ್ರಿಯಿಡೀ ಓಡಿತು. ಬೆಳಿಗ್ಗೆ ನೀರು ಹಸಿರು ಬಿಟ್ಟು ಮಜ್ಜಿಗೆ ನೀರಿನ ಬಣ್ಣಕ್ಕೆ ತಿರುಗಿತ್ತು. ಸತ್ತ ಪಾಚಿ ಅದು. ಫಿಲ್ಟರನ್ನು ಮತ್ತೆ ಮತ್ತೆ ಬ್ಯಾಕ್‌ವಾಶ್ ಮಾಡಿದೆವು, ಅಂದರೆ ನೀರನ್ನು ಹಿಮ್ಮುಖವಾಗಿ ಹರಿಸಿ ತೊಳೆದೆವು.

ಪಾಚಿ ಪೂರ್ತಿ ಸತ್ತಿದೆಯೇ ಅಂತ ತಿಳಿಯಲು ಒಂದು ಒಳ್ಳೆಯ ಉಪಾಯವಿದೆ. ರಾತ್ರಿ ಕ್ಲೋರಿನ್ ಅಳೆಯಿರಿ, ಬಿಸಿಲು ಬೀಳುವ ಮೊದಲು ಮತ್ತೆ ಅಳೆಯಿರಿ. ರಾತ್ರಿ ಬಿಸಿಲಿಲ್ಲ ಅಲ್ವಾ, ಆದರೂ ಒಂದು ಪಿಪಿಎಂಗಿಂತ ಜಾಸ್ತಿ ಇಳಿದಿದ್ದರೆ ನೀರಿನಲ್ಲಿ ಅದನ್ನು ತಿನ್ನುವಂಥದ್ದು ಇನ್ನೂ ಇದೆ ಎಂದರ್ಥ. ನಮಗೆ ಮೂರು ರಾತ್ರಿ ಬೇಕಾಯಿತು. ನಾಲ್ಕನೇ ಬೆಳಿಗ್ಗೆ ತಳದ ಜಾಲರಿಯ ಒಂದೊಂದು ಕಂಬಿಯೂ ಕಂಡಿತು. ಕ್ಲೋರಿನ್ 3ರ ಆಸುಪಾಸಿಗೆ ಇಳಿದ ಮೇಲೆ ಮಕ್ಕಳನ್ನು ಬಿಟ್ಟೆವು. ಒಂದು ಟ್ಯಾಂಕರ್ ಕೂಡ ತರಿಸಲಿಲ್ಲ.

ಪಕ್ಕದ ಬಡಾವಣೆಯವರು ವರ್ಷಪೂರ್ತಿ ಟಿಸಿಸಿಎ ಎಂಬ ಕ್ಲೋರಿನ್ ಮಾತ್ರೆ ಹಾಕುತ್ತಾರೆ. ಅದರಲ್ಲಿ ಸ್ಟೆಬಿಲೈಸರ್ ಸೇರಿಯೇ ಬರುತ್ತದೆ. 30ರಿಂದ 50 ಪಿಪಿಎಂ ಇದ್ದರೆ ಬಿಸಿಲಿನಿಂದ ಒಳ್ಳೆಯ ರಕ್ಷಣೆ. ಆದರೆ ಕ್ಲೋರಿನ್ ಖರ್ಚಾದ ಹಾಗೆ ಇದು ಖರ್ಚಾಗುವುದಿಲ್ಲ, ಸೇರುತ್ತಲೇ ಹೋಗುತ್ತದೆ. 100 ದಾಟಿದರೆ ಕ್ಲೋರಿನ್‌ನ ಕೈ ಕಟ್ಟಿಹಾಕಿದ ಹಾಗೆ. ಆಗ ಸ್ವಲ್ಪ ನೀರು ಬದಲಿಸದೆ ಬೇರೆ ದಾರಿ ಇಲ್ಲ. ಇನ್ನು ಅಂಗಡಿಯವರು ಕೊಡುವ ನೀಲಿ ಪಾಚಿನಾಶಕದಲ್ಲಿ ಹೆಚ್ಚಾಗಿ ಇರುವುದು ಮೈಲುತುತ್ತ, ನಮ್ಮೂರಲ್ಲಿ ಅಡಿಕೆಯ ಕೊಳೆರೋಗಕ್ಕೆ ಸುಣ್ಣದ ಜೊತೆ ಹೊಡೆಯುವುದೂ ಅದನ್ನೇ. ಜಾಸ್ತಿಯಾದರೆ ಗೋಡೆಗೆ ಕಲೆ. ನನ್ನ ಮಟ್ಟಿಗೆ ಕ್ಲೋರಿನ್ ಸರಿಯಾಗಿದ್ದರೆ ಅದು ಬೇಡವೇ ಬೇಡ.

2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಡೈವಿಂಗ್ ಪೂಲ್ ರಾತ್ರೋರಾತ್ರಿ ಹಸಿರಾದದ್ದು ನೆನಪಿದೆಯೇ? ಉದ್ಘಾಟನೆಯ ದಿನ 80 ಲೀಟರ್ ಹೈಡ್ರೋಜನ್ ಪೆರಾಕ್ಸೈಡ್ ಸುರಿದದ್ದೇ ಕಾರಣ ಎಂದು ಆಮೇಲೆ ಆಯೋಜಕರೇ ಹೇಳಿದರು. ಅದು ನೀರಲ್ಲಿದ್ದ ಕ್ಲೋರಿನ್‌ನ ಬಲವನ್ನೇ ಕಳೆದಿತ್ತು. ಜಗತ್ತಿನ ಅತಿ ದೊಡ್ಡ ಕೂಟದಲ್ಲೇ ಹೀಗಾಗುವಾಗ, ತಿಂಗಳ ಸಂಬಳಕ್ಕೆ ದುಡಿಯುವ, ಯಾರೂ ಏನನ್ನೂ ಕಲಿಸದ ಹುಡುಗನನ್ನು ಬೈದರೆ ಏನು ನ್ಯಾಯ?

ನಮ್ಮಲ್ಲಿ ಈಗ ಸಂಜೆ ಏಳೂವರೆಗೆ ಪೂಲ್ ಮುಚ್ಚುತ್ತದೆ. ಅಳೆದದ್ದನ್ನು ದಿನಾ ಎರಡು ಹೊತ್ತು ಪುಸ್ತಕದಲ್ಲಿ ಬರೆಯುತ್ತಾನೆ, ಅದೇ ಹುಡುಗ. ಲೆಕ್ಕ ನನಗಿಂತ ಚುರುಕಾಗಿ ಹಾಕುತ್ತಾನೆ. ಮೊನ್ನೆಯ ಮೆಟ್ಟಿಲ ಹಸಿರನ್ನು ಎಲ್ಲರಿಗಿಂತ ಮೊದಲು ಕಂಡು ಬರೆದಿಟ್ಟವನೂ ಅವನೇ, ಅದಕ್ಕಾಗಿ ಕೇಳಿದ್ದ ಬ್ರಷ್ ಇನ್ನೂ ಬಂದಿಲ್ಲ. ನಾಳೆ ನಾನೇ ತಂದುಕೊಡುತ್ತೇನೆ.

ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಪೂಲ್ ಇದ್ದರೆ ಇವತ್ತೇ ಒಮ್ಮೆ ಪಂಪ್ ರೂಮಿಗೆ ಹೋಗಿ ಬನ್ನಿ. ಆಸಿಡ್ ಕ್ಯಾನ್, ಬ್ಲೀಚಿಂಗ್ ಪೌಡರ್ ಚೀಲ, ಟಿಸಿಸಿಎ ಡಬ್ಬ ಒಂದೇ ಮೂಲೆಯಲ್ಲಿದ್ದರೆ ದಯವಿಟ್ಟು ಬೇರೆ ಬೇರೆ ಕಡೆ ಇಡಿಸಿ. ಒಂದೊಂದಕ್ಕೂ ಒಂದೊಂದು ಬಕೆಟ್ ಕೊಡಿಸಿ, ಮೇಲೆ ದೊಡ್ಡದಾಗಿ ಕನ್ನಡದಲ್ಲೂ, ಕೆಲಸ ಮಾಡುವವರಿಗೆ ಓದಲು ಬರುವ ಭಾಷೆಯಲ್ಲೂ ಬರೆಸಿ.